ಬಿದಿರು ಸುಮ್ಮನಾದರೆ

ಪುತ್ತೂರಿನ ಯಾವ ವೈದ್ಯರ ಬಾಗಿಲಲ್ಲಿ ಹೋಗಿ ಕುಳಿತರೂ ಈಗ ಒಂದೇ ಕೊಳಲು ಕೇಳಿಸುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ನನಗೆ ತಿಳಿಯದು. ಗಮನಿಸಿಲ್ಲವೆಂದರೆ ಆ ಕೊಳಲು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂದು ಅರ್ಥ. ಹಲ್ಲಿನವರಲ್ಲಿ, ಕಣ್ಣಿನವರಲ್ಲಿ, ಸುಳ್ಯದಲ್ಲಿ ಬೆನ್ನುನೋವಿಗೆ ವ್ಯಾಯಾಮ ಮಾಡಿಸುವವರಲ್ಲಿ, ಕೊನೆಗೆ ಕಡಬದ ಹೊಸ ಬಟ್ಟೆಯಂಗಡಿಯಲ್ಲಿ ಕೂಡ (ಸೀರೆ ಆರಿಸುವುದು ಶಸ್ತ್ರಚಿಕಿತ್ಸೆಗಿಂತ ಕಡಿಮೆ ಉದ್ವೇಗದ ಸಂಗತಿಯಲ್ಲ ಎಂಬ ಅನುಭವಜ್ಞಾನದಿಂದಲೇ ಇರಬೇಕು) ಅದೇ ನೀಳವಾದ, ಅವಸರವೆಂಬುದೇ ಇಲ್ಲದ ಬಿದಿರಿನ ಕೊಳಲು. ಅದರ ಹಿಂದೆ ಯಾರೋ ಒಂದು ತಂತಿಯನ್ನು ಮೀಟಿ, ಅದರ ನಾದ ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ಯೋಚಿಸಿ ಇನ್ನೊಂದನ್ನು ಮೀಟುತ್ತಾರೆ. ಅದರ ಹಿಂದೆ ಸಣ್ಣಗೆ ನೀರು ಬೀಳುವ ಸದ್ದು. ಎಲ್ಲದರ ನಡುವೆ ಆಗಾಗ, ಸಂಕೋಚದ ನೆಂಟರು ಬಾಗಿಲು ತಟ್ಟಿದಂತೆ, ಒಂದು 'ಟೊಕ್'.

ಜಪಾನು, ಚೀನಾ, ಕೊರಿಯಾ ಎಂದು ಅದಕ್ಕೆ ನಾನಾ ಕುಲಗೋತ್ರಗಳನ್ನು ಹೇಳುತ್ತಾರೆ. ನನ್ನಂಥ ಅರಸಿಕನಿಗೆ ಮೂರೂ ಒಂದೇ. ಮೊಬೈಲಿನಲ್ಲಿ ಹುಡುಕಿದರೆ ಸಂಗೀತದ ಜೊತೆಗೆ ಒಂದು ಚಿತ್ರವೂ ಬರುತ್ತದೆ: ಮಂಜು ಮುಸುಕಿದ ಬೆಟ್ಟ, ಹಬೆಯಾಡುವ ಒಂದು ಬಟ್ಟಲು ಚಹಾ, ಅರಳಲೋ ಬೇಡವೋ ಎಂದು ಇನ್ನೂ ಚಿಂತಿಸುತ್ತಿರುವ ಒಂದು ತಾವರೆ. ನರಿಮೊಗರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ಘಟ್ಟದ ಬೆಟ್ಟವೂ ಮಂಜೂ ಚಹಾವೂ ಒಟ್ಟಿಗೇ ಸಿಗುತ್ತವೆ. ಆದರೂ ಆ ದೃಶ್ಯಕ್ಕೆ ಬೆನ್ನು ಹಾಕಿ, ಮೊಬೈಲಿನ ಬೆಟ್ಟವನ್ನು ನೋಡುತ್ತ ಪ್ರಶಾಂತಿಯನ್ನು ಅರಸುತ್ತಿದ್ದ ನನ್ನನ್ನು ಕಂಡು ನನ್ನ ಹೆಂಡತಿ ಸರೋಜ ಚಹಾದ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿ ಹೋದದ್ದುಂಟು.

ಕೇಳಬಾರದು ಎಂದೇ ನುಡಿಸುವ ಸಂಗೀತ ಒಂದಿದೆ ಎಂಬುದು ನನಗೆ ಬಹುಕಾಲ ಅರ್ಥವಾಗದ ವಿಷಯವಾಗಿತ್ತು. ನಾನು ಬೆಳೆದದ್ದು ಹಿಮ್ಮೇಳದ ನಾಡಿನಲ್ಲಿ. ಯಕ್ಷಗಾನದಲ್ಲಿ ಹಿಮ್ಮೇಳ ಕುಳಿತುಕೊಳ್ಳುವುದೇನೋ ಹಿಂದೆಯೇ, ಆದರೆ ಆಟ ನಡೆಯುವುದು ಅದರ ಅಪ್ಪಣೆಯಂತೆ. ಭಾಗವತರು ಪದ ನಿಲ್ಲಿಸಿದರೆ ಸಾಕ್ಷಾತ್ ದೇವೇಂದ್ರನೂ ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಲ್ಲಬೇಕು. ನಮ್ಮ ಚಿಕ್ಕಂದಿನ ಕ್ಷೌರದಂಗಡಿಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಹಾಕುತ್ತಿದ್ದರು. ಅದು ಹಿನ್ನೆಲೆಗೆಂದು ಹಾಕಿದ್ದೇ ಇರಬಹುದು, ಆದರೆ ಕೃಷ್ಣನ ಮಾತಿಗೆ ಕೌರವ ಏನು ಉತ್ತರ ಕೊಡುತ್ತಾನೆಂದು ಕೇಳಲು ಕ್ಷೌರಿಕನ ಕತ್ತಿ ಗಿರಾಕಿಯ ಗಂಟಲಿನ ಮೇಲೆ ಹಾಗೆಯೇ ನಿಂತುಬಿಡುತ್ತಿತ್ತು. ಅಂಥ ಸಂಸ್ಕಾರದಲ್ಲಿ ಬೆಳೆದ ಕಿವಿಗೆ, ಇದೋ ಸಂಗೀತವಿದೆ, ದಯವಿಟ್ಟು ಕಿವಿಗೊಡಬೇಡಿ, ಎಂದರೆ ಏನು ಮಾಡಬೇಕು? ಆದ್ದರಿಂದ ಈ ಕೊಳಲಿನ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ. ಆ ಕುತೂಹಲ ಒಂದು ನೆಲೆಗೆ ಬಂದದ್ದು ಮಾತ್ರ ನನ್ನ ಭಾವನಿಂದ.

'ಭಾವ' ಎಂಬ ಶಬ್ದದಲ್ಲಿ ನಮ್ಮ ಕಡೆ ಸ್ವಲ್ಪ ಗೊಂದಲವಿದೆ. ಹೆಂಡತಿಯ ಅಣ್ಣ ನನಗೆ ಭಾವ, ನಾನು ಅವರಿಗೆ ಭಾವ. ಹಾಗಾಗಿ ನಾವಿಬ್ಬರೂ ಮಾತಾಡುವಾಗ ಕೇಳಿದವರಿಗೆ ಒಬ್ಬರೇ ತಮ್ಮನ್ನು ತಾವು ಕರೆದುಕೊಳ್ಳುತ್ತಿರುವಂತೆ ತೋರುತ್ತದೆ. ನಲವತ್ತಕ್ಕೆ ಹತ್ತಿರ ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ವಿಭಾವ, ಅನುಭಾವ, ಸಂಚಾರಿಭಾವಗಳನ್ನೆಲ್ಲ ವಿದ್ಯಾರ್ಥಿಗಳಿಗೆ ವಿವರಿಸಿದ್ದೇನೆ. ಆದರೆ ಅಜ್ಜಾವರದ ಶೇಷಪ್ಪ ಭಾವ ಯಾವ ವರ್ಗಕ್ಕೆ ಸೇರುತ್ತಾರೆಂದು ಹೇಳಲಾರೆ. ಸ್ಥಾಯಿ ಎಂದು ಇಟ್ಟುಕೊಳ್ಳೋಣ. ಅವರು ಕಸಿ ಕಟ್ಟುವವರು. ಒಂದು ಎಳೆಯ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಇನ್ನೊಂದು ಮರದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಅದರೊಳಗೆ ಕೂರಿಸಿ, ಸಿಪ್ಪೆಗೆ ಸಿಪ್ಪೆ ಸೇರಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು ಅವರ ಕೆಲಸವೂ ಹೌದು, ಚಟವೂ ಹೌದು. ಅಂಥವರ ಬಲಗಣ್ಣಿಗೆ ಪೊರೆ ಬಂತು. ಹಿಂದಿನ ವರ್ಷದ ಮಳೆಗಾಲದಲ್ಲಿ ಕಟ್ಟಿದ ಕಸಿಗಳು ಸಾಲಾಗಿ ಬಾಡಿದವು. ಅವರು ಯಾರಿಗೂ ಹೇಳದೆ ಅವನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು ಎಂದು ಭಾವನ ಹೆಂಡತಿ, ಅಂದರೆ ಅತ್ತಿಗೆ, ಫೋನಿನಲ್ಲಿ ಸರೋಜಳಿಗೆ ಹೇಳಿದರು.

ಅದೇ ಹೊತ್ತಿಗೆ ಕಡಬದ ಕಡೆಯ ರಸ್ತೆ ಅಗಲವಾಗಲಿದೆ ಎಂಬ ಸುದ್ದಿ ಬಂತು. ಆ ರಸ್ತೆಯ ಬದಿಯಲ್ಲಿ, ಭಾವನ ತಾಯಿಯ ತವರಿಗೆ ತಿರುಗುವ ಜಾಗದಲ್ಲಿ, ಒಂದು ಕಾಟುಮಾವಿನ, ಎಂದರೆ ಕಾಡುಮಾವಿನ, ಮರವಿತ್ತು. ಅದರ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ವರ್ಷ ಎರಡಾದರೂ ಮೆತ್ತಗಾಗುವುದಿಲ್ಲ. ಸೊನೆಯ ಪರಿಮಳವೋ, ಭರಣಿಯ ಮುಚ್ಚಳ ತೆಗೆದರೆ ನೆರೆಮನೆಯವರು ಯಾವುದೋ ನೆಪ ಮಾಡಿಕೊಂಡು ಬರುವಂಥದ್ದು. ಆ ತಾಯಿ ಬದುಕಿರುವವರೆಗೆ ಪ್ರತಿವರ್ಷ ಆ ಮರದ ಮಿಡಿಯೇ ಆಗಬೇಕಿತ್ತು. ಈಗ ಮರದ ಕಾಂಡಕ್ಕೆ ಯಾರೋ ಬಂದು ಕೆಂಪು ಬಣ್ಣ ಬಳಿದು ಹೋಗಿದ್ದರು. ಮಳೆ ಮುಗಿದ ಮೇಲೆ ಕಡಿಯುತ್ತಾರೆ. ಕಸಿ ಹಿಡಿಯುವುದು ಮಳೆಗಾಲದ ತೇವದಲ್ಲಿ. ಹಾಗಾದರೆ ಉಳಿದಿರುವುದು ಒಂದೇ ಮಳೆಗಾಲ, ಅದರೊಳಗೆ ಭಾವನ ಬಲಗಣ್ಣು ಸರಿಯಾಗಬೇಕು. ಬೇರೆಯವರ ಕೈಯಲ್ಲಿ ಕಟ್ಟಿಸಬಹುದಲ್ಲ ಎಂದು ನಾನು ಒಮ್ಮೆ ಹೇಳಿ ನೋಡಿದೆ. ಭಾವ ನನ್ನನ್ನು ನೋಡಿದ ರೀತಿಗೆ ಆ ಪ್ರಸ್ತಾಪವನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ.

ಪುತ್ತೂರಿನ ಕಣ್ಣಿನ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದದ್ದು ಬೇಸಗೆಯ ಆರಂಭದಲ್ಲಿ. ಹೊರಗೆ ಚಪ್ಪಲಿ ಬಿಟ್ಟು, ತಂಪಾದ ಕೋಣೆಯಲ್ಲಿ, ಅದೇ ಕೊಳಲಿನ ಕೆಳಗೆ ಕುಳಿತೆವು. ಕೌಂಟರಿನಲ್ಲಿದ್ದ ಪ್ರೇಮಕ್ಕ ಭಾವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಹುಬ್ಬೇರಿಸಿ, ಇನ್ನೊಮ್ಮೆ ಒತ್ತಿದರು. ರಕ್ತದೊತ್ತಡ ಮೇಲೆ ಹೋಗಿ ಕುಳಿತಿತ್ತು. ಒತ್ತಡ ಇಳಿಯದೆ ಕಣ್ಣು ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರಮ್ಮ. ಅಜ್ಜಾವರದಲ್ಲಿ ನೆರೆಮನೆಯ ನರ್ಸು ವಾರಗಟ್ಟಲೆ ನೋಡಿದರೂ ಒತ್ತಡ ಸರಿಯಾಗಿಯೇ ಇತ್ತು. ಪುನಃ ಪುತ್ತೂರಿಗೆ ಬಂದರೆ ಪುನಃ ಮೇಲೆ.

"ಕೆಲವರಿಗೆ ಆಸ್ಪತ್ರೆ ನೋಡಿದ ಕೂಡ್ಲೆ ಹೀಗೆ ಆಗುದುಂಟು," ಎಂದರು ಡಾಕ್ಟರಮ್ಮ. "ಮಾತ್ರೆ ಜಾಸ್ತಿ ಮಾಡಿದ್ರೆ ಮನೆಯಲ್ಲಿ ತಲೆ ತಿರುಗಿ ಬೀಳ್ತಾರೆ. ಹೆದರ್ಬೇಡಿ, ಮ್ಯೂಸಿಕ್ ಕೇಳ್ತಾ ಆರಾಮಲ್ಲಿ ಕೂತ್ಕೊಳ್ಳಿ."

"ಹಂದಿಗೆ ಹೆದರದವ ಡಾಕ್ಟ್ರಿಗೆ ಹೆದರುದಾ?" ಎಂದು ಭಾವ ಹೊರಗೆ ಬಂದ ಮೇಲೆ ನನ್ನಲ್ಲಿ ಕೇಳಿದರು. ಆ ಮಾತಿನಲ್ಲೇ ಉತ್ತರವಿದ್ದದ್ದು ನನ್ನ ತಲೆಗೆ ಆಗ ಹೊಳೆಯಲಿಲ್ಲ. ವಿದ್ಯಾವಂತನಿಗೆ ಸಹಜವಾದ ಆತುರದಿಂದ ನಾನು ಚಿಕಿತ್ಸೆಯನ್ನು ನನ್ನ ಕೈಗೆ ತೆಗೆದುಕೊಂಡೆ. ಸಂಗೀತ ಸಾಕಾಗುತ್ತಿಲ್ಲ, ಪ್ರಮಾಣ ಹೆಚ್ಚಿಸಬೇಕು! ಮುಂದಿನ ಸಲ ಅಜ್ಜಾವರದಿಂದಲೇ ಕಾರಿನಲ್ಲಿ ಆ ಕೊಳಲನ್ನು ಹಾಕಿದೆ. ಪೂರ್ವದೇಶಗಳ ಧ್ಯಾನಪರಂಪರೆ, ಶೂನ್ಯದ ಸೌಂದರ್ಯ, ಸ್ವರಕ್ಕಿಂತ ಸ್ವರಗಳ ನಡುವಿನ ಮೌನವೇ ಹಿರಿದೆಂಬ ತತ್ತ್ವ, ಇತ್ಯಾದಿಗಳನ್ನು ನನಗೆ ತಿಳಿದಷ್ಟು, ಅಂದರೆ ತಿಳಿದದ್ದಕ್ಕಿಂತ ತುಸು ಹೆಚ್ಚಾಗಿಯೇ, ದಾರಿಯುದ್ದಕ್ಕೂ ವಿವರಿಸಿದೆ. ಜಾಲ್ಸೂರು ದಾಟುವಾಗ ನನಗೇ ತೂಕಡಿಕೆ ಬಂದು, ಭಾವ ನನ್ನ ಭುಜ ಹಿಡಿದು ಅಲುಗಾಡಿಸಬೇಕಾಯಿತು. ಅಂದು ಅವರ ಒತ್ತಡ ಹಿಂದಿನ ಎಲ್ಲ ದಾಖಲೆಗಳನ್ನು ಮೀರಿತ್ತು. ಅದರಲ್ಲಿ ಕೊಳಲಿನ ಪಾಲೆಷ್ಟು, ನನ್ನ ಚಾಲನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸಂಗೀತ ಸರಿಯಾಗಿ ಕೇಳಿಸಲಿ ಎಂದು ಪ್ರೇಮಕ್ಕ ಅವರನ್ನು ಸ್ಪೀಕರಿನ ನೇರ ಕೆಳಗಿನ ಕುರ್ಚಿಗೆ ಬದಲಾಯಿಸಿದರು.

ಮೇ ತಿಂಗಳು ಹತ್ತಿರವಾಯಿತು. ಒಂದೆರಡು ಸಂಜೆ ಗುಡುಗಿತು. ಗುಡುಗು ಕೇಳಿದಾಗಲೆಲ್ಲ ಭಾವ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಾರೆ, ಊಟವೂ ಸರಿಯಿಲ್ಲ ಎಂದು ಅತ್ತಿಗೆ ಹೇಳಿದರು. ಒಂದು ಮರ, ಅದೂ ಕಾಟುಮಾವಿನದ್ದು, ಹೋದರೆ ಲೋಕವೇನೂ ಮುಳುಗುವುದಿಲ್ಲ. ಆದರೆ ಆ ಮನುಷ್ಯ ಮುಂದಿನ ವರ್ಷ ಆ ತಿರುವಿನಲ್ಲಿ ಬಸ್ಸಿನಿಂದ ಇಳಿಯುವಾಗ ಯಾವ ಕಡೆ ನೋಡಬೇಕು ಎಂದು ಯೋಚಿಸಿ ನನಗೆ ನಿಜವಾಗಿಯೂ ದುಃಖವಾಯಿತು.

ಅದರ ನಂತರದ ಸಲ ಆಸ್ಪತ್ರೆಯಲ್ಲಿ, ಓದಲು ಪತ್ರಿಕೆಯೂ ಇಲ್ಲದೆ, ನಾನು ಭಾವನನ್ನೇ ನೋಡುತ್ತ ಕುಳಿತೆ. ಅವರು ಸ್ಪೀಕರಿನ ಕೆಳಗೆ ಕಣ್ಣು ಮುಚ್ಚಿ ಕುಳಿತಿದ್ದರು. ನೀರು ಬೀಳುತ್ತಿತ್ತು, ಟೊಕ್ ಎನ್ನುತ್ತಿತ್ತು, ಮತ್ತೆ ನೀರು, ಮತ್ತೆ ಟೊಕ್. ಭಾವನ ಮುಖ ಸಡಿಲವಾಗಿತ್ತು, ತುಟಿ ಸ್ವಲ್ಪ ತೆರೆದಿತ್ತು. ಹೆದರಿದವನ ಮುಖ ಅದಲ್ಲವೇ ಅಲ್ಲ. ಅಷ್ಟರಲ್ಲಿ ಆ ತುಣುಕು ಮುಗಿದು ಬರಿಯ ಕೊಳಲಿನ ತುಣುಕು ಶುರುವಾಯಿತು. ನೀರಿಲ್ಲ, ಟೊಕ್ ಇಲ್ಲ. ಭಾವ ಕಣ್ಣು ತೆರೆದರು. ಬೆನ್ನು ನೆಟ್ಟಗಾಯಿತು. ಕತ್ತು ಬಾಗಿಲಿನ ಕಡೆ ತಿರುಗಿತು. ಅವರ ಕಾಲುಗಳು ಕುರ್ಚಿಯ ಅಡಿಯಲ್ಲಿ, ಹೊರಗೆ ಬಿಟ್ಟು ಬಂದಿದ್ದ ಚಪ್ಪಲಿಯನ್ನು ತಡಕಾಡತೊಡಗಿದವು. ಅದೇ ಕ್ಷಣಕ್ಕೆ ಪ್ರೇಮಕ್ಕ ಪಟ್ಟಿ ಹಿಡಿದು, "ಶೇಷಪ್ಪಣ್ಣ, ಕೈ ಕೊಡಿ," ಎಂದರು.

"ಒಂದು ನಿಮಿಷ ಪ್ರೇಮಕ್ಕ," ಎಂದೆ ನಾನು. "ಭಾವ, ನೀವು ಎಲ್ಲಿಗೆ ಹೊರಟದ್ದು?"

"ಎಲ್ಲಿಗೂ ಇಲ್ಲ." ತಮ್ಮ ಕಾಲನ್ನು ತಾವೇ ಆಶ್ಚರ್ಯದಿಂದ ನೋಡಿಕೊಂಡರು. "ಅದು ನಿಂತಿತಲ್ಲ, ಹಾಗೆ."

"ಯಾವುದು?"

"ಆ ಟೊಕ್ ಟೊಕ್. ಎಲೆ ಗಿಲೆ ಸಿಕ್ಕಿತೋ ಎಂತದೋ..." ಎಂದವರು, ತಾವು ಏನು ಹೇಳಿದೆವೆಂದು ತಮಗೇ ಕೇಳಿಸಿದವರಂತೆ ನಿಲ್ಲಿಸಿ, ದೊಡ್ಡದಾಗಿ ನಗತೊಡಗಿದರು.

ಅವರು ಚಿಕ್ಕವರಿದ್ದಾಗ ಮನೆಗೆ ದೂರದಲ್ಲಿ, ಕಾಡಿನ ಅಂಚಿಗೆ, ಒಂದು ಗದ್ದೆಯಿತ್ತಂತೆ. ಭತ್ತ ತೆನೆ ಕಟ್ಟಿದ ಮೇಲೆ ಹಂದಿಗಳ ಕಾಟ. ಅದಕ್ಕಾಗಿ ಅವರ ಅಪ್ಪ ಅಲ್ಲಿಯ ಸಣ್ಣ ಹಳ್ಳದ, ಅಂದರೆ ತೋಡಿನ, ಬದಿಯಲ್ಲಿ ಒಂದು ಯಂತ್ರ ಮಾಡಿ ಇಟ್ಟಿದ್ದರು: ಬಿದಿರಿನ ಒಂದು ತುಂಡು, ನಡುವೆ ಒಂದು ಕೀಲು. ತೋಡಿನ ನೀರು ಸೀಳಿದ ಅಡಕೆಮರದ ದಬ್ಬೆಯಲ್ಲಿ ಹರಿದು ಬಂದು ಬಿದಿರಿನ ಬಾಯಿಗೆ ತುಂಬುತ್ತದೆ. ಭಾರವಾದ ಬಾಯಿ ಕೆಳಗೆ ಬಾಗಿ ನೀರನ್ನು ಚೆಲ್ಲುತ್ತದೆ. ಹಗುರಾದ ಬಿದಿರು ಹಿಂದಕ್ಕೆ ಬಿದ್ದು ಅದರ ಬಾಲ ಕಲ್ಲಿಗೆ ಬಡಿಯುತ್ತದೆ. ಟೊಕ್. ಯಾರೋ ಎಚ್ಚರವಿದ್ದಾರೆಂದು ಹಂದಿ ದೂರ ಹೋಗುತ್ತದೆ. ಅದಕ್ಕೆ ಹೆಸರೇನೆಂದು ಕೇಳಿದೆ. ಹೆಸರೇ ಇರಲಿಲ್ಲವಂತೆ, 'ನೀರಿನದ್ದು' ಎನ್ನುತ್ತಿದ್ದರಂತೆ. ಅಪ್ಪ ಮಗ ಇಬ್ಬರೂ ಗದ್ದೆಯ ಗುಡಿಸಲಿನಲ್ಲಿ ಮಲಗುತ್ತಿದ್ದರು. ಹಗಲಿಡೀ ಗೇದ ಅಪ್ಪನನ್ನು ಎಬ್ಬಿಸುವ ಹಾಗಿಲ್ಲ. ಎದ್ದು ನೋಡುವ ಕೆಲಸ ಮಗನದ್ದು.

"'ಅದು ಬಡಿಯುವಷ್ಟು ಹೊತ್ತು ಮಲಗು, ನಿಂತ್ರೆ ಏಳು,' ಹೇಳಿ ಅಪ್ಪ ಹೇಳಿದ್ದು," ಎಂದರು ಭಾವ. "ದಬ್ಬೆಗೆ ಎಲೆ ಸಿಕ್ಕಿದ್ರೆ ನಿಲ್ತದೆ. ಹೋಗಿ ಎಲೆ ತೆಗೀಬೇಕು. ಅಷ್ಟೆ. ಈಗ ಆ ಗದ್ದೆಯೂ ಇಲ್ಲ, ಅಪ್ಪನೂ ಇಲ್ಲ ಮಾರಾಯ್ರೆ. ಮರ್ತೇ ಹೋಗಿತ್ತು."

ಮರೆತದ್ದು ಅವರು, ಅವರ ಕಾಲು ಮರೆತಿರಲಿಲ್ಲ. ಆ ಸದ್ದು ಅವರನ್ನು ಕೆಣಕುತ್ತದೆಯೆಂದೋ, ಸಾಕಷ್ಟು ಸಮಾಧಾನ ಮಾಡುತ್ತಿಲ್ಲವೆಂದೋ ನಾವೆಲ್ಲ ಚರ್ಚಿಸುತ್ತಿದ್ದೆವಲ್ಲ, ಅದು ಅವರಿಗೆ ಸಮಾಧಾನವನ್ನು ಕೊಡುತ್ತಲೇ ಇತ್ತು. ತುಣುಕು ಬದಲಾಗಿ ಅದು ಮತ್ತೆ ಮತ್ತೆ ನಿಂತಾಗ ಮಾತ್ರ, ಅಳಿದುಹೋದ ಗದ್ದೆಯ ತೆನೆಯನ್ನು ಕಾಯಲು ಅವರ ರಕ್ತ ಎದ್ದು ಓಡುತ್ತಿತ್ತು. ಸ್ವರಗಳ ನಡುವಿನ ಮೌನವೇ ಹಿರಿದು ಎಂದು ಕಾರಿನಲ್ಲಿ ಉಪನ್ಯಾಸ ಮಾಡಿದವನು ನಾನು. ಆ ಮೌನದಲ್ಲಿ ಹಂದಿ ಬರುತ್ತದೆ ಎಂದು ನನಗೇನು ಗೊತ್ತು?

ಪ್ರೇಮಕ್ಕ ಎಲ್ಲವನ್ನೂ ಪಟ್ಟಿ ಕೈಯಲ್ಲಿ ಹಿಡಿದೇ ಕೇಳಿದ್ದರು. "ಅದಕ್ಕೆಂತ, ಬರೀ ಟೊಕ್ ಟೊಕ್ ಇರುದು ಬೇರೆಯೇ ಉಂಟು. ಇಡೀ ದಿನ ನಿಲ್ಲುದಿಲ್ಲ," ಎಂದು ಮೊಬೈಲಿನಲ್ಲಿ ಹುಡುಕಿ ಹಾಕಿಯೇಬಿಟ್ಟರು. ಕೊಳಲು ಹೋಯಿತು, ತಂತಿ ಹೋಯಿತು. ಉಳಿದದ್ದು ನೀರು ಮತ್ತು ಬಿದಿರು. ಮೂಲೆಯಲ್ಲಿದ್ದ ಒಬ್ಬರು ಛಾವಣಿಯನ್ನು ನೋಡಿ, "ಎಂತ, ಮೇಲೆ ಟ್ಯಾಂಕಿ ತುಂಬಿ ಹರಿಯುದಾ? ಪಂಪು ಆಫ್ ಮಾಡ್ಲಿಕ್ಕೆ ಹೇಳಿ," ಎಂದರು. ಸ್ವಲ್ಪ ಹೊತ್ತಿನಲ್ಲಿ ಭಾವನ ತಲೆ ನನ್ನ ಭುಜದ ಮೇಲೆ ಬಂತು, ಆಮೇಲೆ ಗೊರಕೆಯೂ ಬಂತು. ಪ್ರೇಮಕ್ಕ ಹಗುರವಾಗಿ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಡಾಕ್ಟರಮ್ಮನನ್ನು ಕರೆದು ತೋರಿಸಿದರು. ಒತ್ತಡ ಅಜ್ಜಾವರದ್ದೇ. ಆ ವಾರವೇ ದಿನ ಗೊತ್ತಾಯಿತು. ಶಸ್ತ್ರಚಿಕಿತ್ಸೆಯ ಮೇಜಿನಲ್ಲಿ ಅವರ ತಲೆಯ ಹತ್ತಿರ ಪ್ರೇಮಕ್ಕನ ಮೊಬೈಲನ್ನು ಇಟ್ಟಿದ್ದರಂತೆ. ಅಪ್ಪ ಪಕ್ಕದಲ್ಲೇ ಮಲಗಿದ ಹಾಗಿತ್ತು ಎಂದು ಭಾವ ಆಮೇಲೆ ಹೇಳಿದರು.

ಆಮೇಲೆ ನನ್ನ ಕುತೂಹಲ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಹುಡುಕಿ ನೋಡಿದರೆ, ಜಪಾನಿನ ಉದ್ಯಾನಗಳಲ್ಲಿ ಈಗ ಅಲಂಕಾರಕ್ಕೆಂದು ಇಡುವ ಆ ಬಿದಿರು ಮೂಲದಲ್ಲಿ ರೈತರದ್ದೇ ಅಂತೆ. ಜಿಂಕೆಯನ್ನೂ ಹಂದಿಯನ್ನೂ ಹೆದರಿಸುವುದಕ್ಕೆ ಮಾಡಿದ್ದು, ಅದರ ಹೆಸರಿನ ಅರ್ಥವೂ ಅದೇ ಅಂತೆ. ಹಂದಿಯನ್ನು ಎಬ್ಬಿಸಿ ಓಡಿಸಲು ಹುಟ್ಟಿದ ಸದ್ದು ಸಮುದ್ರಗಳನ್ನು ದಾಟಿ ಪುತ್ತೂರಿಗೆ ಬಂದು ಮನುಷ್ಯರನ್ನು ಮಲಗಿಸುತ್ತಿದೆ. ಯಾರ ಬಿದಿರನ್ನು ಯಾರು ನೋಡಿ ಕಲಿತರು, ಅಥವಾ ಹಂದಿಯೇ ಎರಡೂ ಕಡೆ ಒಂದೇ ಪಾಠ ಹೇಳಿತೋ, ನಾನರಿಯೆ. ಆದರೆ 'ಹಿನ್ನೆಲೆ' ಎಂಬ ಪದವನ್ನು ಅಂದು ಮೊದಲ ಬಾರಿಗೆ ಬಿಡಿಸಿ ನೋಡಿದೆ: ಹಿಂದಿನ ನೆಲೆ. ಹಿಂದೆ ಇದ್ದ ಮನೆ ಎಂದೂ ಆದೀತು.

ಯೋಚಿಸಿದರೆ ನಾವೆಲ್ಲರೂ ಇಂಥ ಒಂದು ಸದ್ದಿನ ಮೇಲೆಯೇ ಮಲಗಿರುವವರು. ಕರೆಂಟು ಹೋಗಿ ಫ್ಯಾನು ನಿಂತರೆ ಇಡೀ ಮನೆಗೆ ಎಚ್ಚರವಾಗುತ್ತದೆ. ಸರೋಜ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವವರೆಗೆ ನನಗೆ ಪತ್ರಿಕೆಯ ಮೇಲೆಯೇ ಗಮನ. ಸದ್ದು ನಿಂತರೆ ಏನು ಕೋಪವೋ ಎಂದು ಎದ್ದು ಹೋಗಿ ನೋಡುತ್ತೇನೆ. ನನ್ನ ತರಗತಿಯ ಹಿಂದಿನ ಬೆಂಚಿನವರು ನಾನು ಪಾಠ ಹೇಳುತ್ತಿರುವಷ್ಟೂ ಹೊತ್ತು ನಿದ್ದೆ ಮಾಡಿ, ನಾನು ನಿಲ್ಲಿಸಿದ ಕೂಡಲೇ ಕಣ್ಣು ಬಿಡುತ್ತಿದ್ದರು. ಅದನ್ನು ಅವಮಾನವೆಂದು ಭಾವಿಸಿದ್ದೆ. ಈಗ ಅನಿಸುತ್ತದೆ, ಆ ಮಕ್ಕಳಿಗೆ ನನ್ನಿಂದ ಅಷ್ಟಾದರೂ ನೆಮ್ಮದಿ ಸಿಕ್ಕಿತಲ್ಲ.

ಮಳೆ ಹಿಡಿಯಿತು. ಭಾವ ಕಡಬಕ್ಕೆ ಹೋಗಿ ಮರದ ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಹೊಸ ಕಣ್ಣಿನಲ್ಲಿ ಸಿಪ್ಪೆಗೆ ಸಿಪ್ಪೆ ಸೇರಿಸಿ ಕಟ್ಟಿದರು. ಕೆಲವು ಬಾಡಿದವು, ಹಲವು ಹಿಡಿದವು. ತಾಮ್ರದ ಬಣ್ಣದ ಚಿಗುರು ಬಂದ ದಿನ ಅವರು ನನಗೆ ಫೋನು ಮಾಡಿ, "ಭಾವಾ, ಕಾಣ್ತಾ ಉಂಟು," ಎಂದಷ್ಟೇ ಹೇಳಿ ಇಟ್ಟರು. ಚಿಗುರು ಕಾಣುತ್ತಿದೆ ಎಂದೋ, ಕಣ್ಣು ಕಾಣುತ್ತಿದೆ ಎಂದೋ ನಾನು ಕೇಳಲಿಲ್ಲ.

ಕಳೆದ ವಾರ ಮರವನ್ನು ಕಡಿದರು. ಇಂದು ನನ್ನ ಕಣ್ಣಿನ ಸರದಿ; ಪೊರೆ ನಮ್ಮ ವಯಸ್ಸಿನವರಲ್ಲಿ ಭೇದ ಮಾಡುವುದಿಲ್ಲ. ಅದೇ ಕೋಣೆಯಲ್ಲಿ ಕುಳಿತಿದ್ದೆ, ಮಡಿಲಲ್ಲಿ ಎರಡು ಕಸಿ ಗಿಡಗಳು, ಒಂದು ಡಾಕ್ಟರಮ್ಮನಿಗೆ, ಒಂದು ಪ್ರೇಮಕ್ಕನಿಗೆ, ಭಾವ ಕೊಟ್ಟು ಕಳಿಸಿದ್ದು. ಮೇಲಿನಿಂದ ಕೊಳಲು, ತಂತಿ, ನೀರು, ಟೊಕ್. ಎದುರಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗನ್ನು ಹೊದ್ದು ತೂಕಡಿಸುತ್ತಿದ್ದರು. ತುಣುಕು ಮುಗಿಯಿತು. ನೀರು ನಿಂತಿತು. ಅಜ್ಜಿ ತಲೆ ಎತ್ತಿದರು, ಬಾಗಿಲಿನ ಕಡೆ ನೋಡಿದರು. ಗಿಡಗಳನ್ನು ಹಿಡಿದುಕೊಂಡೇ ನಾನೂ ಕುರ್ಚಿಯಿಂದ ಅರ್ಧ ಎದ್ದಿದ್ದೆ.

ಪ್ರೇಮಕ್ಕ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ನಿಲ್ಲಿಸದೆಯೇ ಎದ್ದು ಬಂದು, ಸ್ಪೀಕರಿಗೆ ಜೋಡಿಸಿದ್ದ ಇನ್ನೊಂದು ಮೊಬೈಲನ್ನು ಒಮ್ಮೆ ಒತ್ತಿ, ಮರಳಿ ಹೋಗಿ ಕುಳಿತರು. ಟೊಕ್. ಅಜ್ಜಿ ಮತ್ತೆ ಕಣ್ಣು ಮುಚ್ಚಿದರು.